ಕೆಂಪು ಬಟ್ಟೆಯ ಗೂಟ

ಅಕ್ಟೋಬರ್ 6, ಭಾನುವಾರ

ಮತ್ತೆ ವೈದ್ಯನಾಥಪುರದ ಹೊಳೆ. ಗಂಡ ಶಶಿಗೆ ಗಾಳ, ನನಗೆ ಫ್ಲಾಸ್ಕು, ತಿದ್ದಬೇಕಾದ ಟೆಸ್ಟ್ ಪೇಪರ್‌ಗಳು. ಮಂಡಿಯುದ್ದ ನೀರು, ಕಾಲ್ಬೆರಳು ಕಾಣುವಷ್ಟು ತಿಳಿ. ಸೋಮಮ್ಮ ಬಿದಿರಿನ ಕೂಳಿ ಒಡ್ಡಿ ಮೀನಿಗೆ ಕಾಯುತ್ತಿದ್ದಳು. ನಡುಹೊಳೆಯಲ್ಲಿ ಅವಳೇ ನೆಟ್ಟ ಗೂಟ, ತುದಿಗೆ ಹಳೇ ಕೆಂಪು ಸೀರೆಯ ಚೂರು. ಅಲ್ಲಿ ಮರಳು ತೆಗೆದ ಆಳದ ಗುಂಡಿ ಇದೆ, ಗೂಟ ಅದರ ಗುರುತು.

"ಅಲ್ಲಿ ಮೀನೂ ಅವೆ, ಯಮನೂ ಅವ್ನೆ ಸಾ. ಯಾರ್ ಬೇಕೋ ನೋಡ್ಕಳಿ."

"ಇಬ್ರನ್ನೂ ಒಂದೇ ಗಾಳದಲ್ಲಿ ಎತ್ತೀನಿ," ಅಂದ ಶಶಿ.

"ಎತ್ತೀರಿ, ಎತ್ತೀರಿ. ಓದ್ವಾರ ಎತ್ತಿದ್ದು ಅವಾಯಿ ಚಪ್ಲಿ." ಆಮೇಲೆ ನನ್ನ ಕಡೆ ತಿರುಗಿ: "ದಡದ ಗುರ್ತು ನಂಬ್‌ಬ್ಯಾಡಿ ಕಣವ್ವ. ಮರಳ್ ಟ್ರ್ಯಾಕ್ಟ್ರು ದಡಾನೇ ತಿಂದವೆ. ನಾನಂತೂ ಗೂಟ ನೋಡೇ ಕಾಲಿಡೋದು."

ಅಕ್ಟೋಬರ್ 13, ಭಾನುವಾರ

ಸೋಮಮ್ಮ ಇರಲಿಲ್ಲ. ಮದ್ದೂರಿಗೆ ಮೀನು ಮಾರಲು ಹೋಗಿದ್ದಳಂತೆ.

ಶಶಿಯ ಗಾಳ ಗೂಟದ ಬಟ್ಟೆಗೆ ಸಿಕ್ಕಿಕೊಂಡಿತು. ಎಳೆದ. ಗೂಟವೇ ಕಿತ್ತು ಬಂತು. ಗುಂಡಿಯ ಹತ್ತಿರ ಹೋಗಲು ಹೆದರಿ, ತಾನು ನಿಂತಲ್ಲೇ ನೆಟ್ಟ — ಗುಂಡಿಯಿಂದ ಬಹಳ ಕೆಳಗೆ, ನೀರು ಹರಿಯುವ ಕಡೆ.

"ಅದೇ ಜಾಗಾನಾ?"

"ಸುಮ್ನಿರೇ ಮಂಜು. ಅವ್ಳಿಗೆ ಹೊಳೆ ಗೊತ್ತಿಲ್ವಾ?"

ಗೊತ್ತಿರುತ್ತದೆ. ನಾನು ಯಾಕೆ ಎಲ್ಲದಕ್ಕೂ...

ಅಕ್ಟೋಬರ್ 17

ಮೇಲೆಲ್ಲೋ ಮಳೆ. ಬಸ್ಸಿನಿಂದ ಕಂಡೆ, ಹೊಳೆ ಕೆಂಪಗಾಗಿದೆ. ತಳ ಕಾಣುವುದಿಲ್ಲ.

ಸೋಮಮ್ಮನ ನಂಬರ್ ಇದೆ. ಮೀನಿಗೆಂದು ತೆಗೆದುಕೊಂಡಿದ್ದು. ಹೇಳಿದರೆ ಶಶಿ ಮಾಡಿದ್ದು ಅಂತ ಆಗುತ್ತದೆ. ಹೊಳೆಯಲ್ಲೆಲ್ಲ ನಗುತ್ತಾರೆ. ಅಷ್ಟೇ ತಾನೆ? ಆದರೂ ಫೋನ್ ಮಾಡಲಿಲ್ಲ.

ಅಕ್ಟೋಬರ್ 19, ಸಂಜೆ

ಫೋನ್ ಮಾಡಿದೆ.

"ನಾಳೀಕ್ ಬನ್ನಿ ಕಣವ್ವ! ಕೆಂಪ್ನೀರ್ಗೆ ಗೆಂಡೆ ಮೀನ್ ಎದ್ದವೆ. ನಿಮ್ಮೆಜಮಾನ್ರಿಗೂ ಒಂದ್ ಸಿಕ್ಕೀತು, ಪಾಪ."

"ಸೋಮಮ್ಮ... ಗೂಟ ಇದೆಯಾ?"

"ಅದೆ. ಕಲ್ಲಂಗ್ ನಿಂತದೆ. ಯಾಕವ್ವ?"

ಏನಿಲ್ಲ ಅಂದೆ. ಹೇಳುವುದಕ್ಕೆಂದೇ ಮಾಡಿದ ಫೋನು. ಕೇಳಿದೆ, ಹೇಳಲಿಲ್ಲ. ಬೆಳಿಗ್ಗೆ ಎದುರಿಗೇ ಹೇಳುತ್ತೇನೆ, ಅವಳು ನೀರಿಗಿಳಿಯುವ ಮೊದಲು. ಬೇಗ ಹೊರಡಬೇಕು.

ಅಕ್ಟೋಬರ್ 20

ಬೇಗ ಹೊರಡಲಿಲ್ಲ. ಶಶಿಗೆ ತಿಂಡಿ ಆಗಬೇಕಿತ್ತು.

ನಾವು ಹೋದಾಗ ಸೋಮಮ್ಮನ ಕೂಳಿ ಒಂದೇ ತೇಲುತ್ತಿತ್ತು. ಗೂಟ ನಿಂತೇ ಇತ್ತು, ಬಟ್ಟೆ ಗಾಳಿಗೆ ಆಡುತ್ತಿತ್ತು. ಅವಳ ಗಂಡ ಮರಿಯಯ್ಯ ಗೂಟದ ಸುತ್ತಲೇ ಕೈಯಾಡಿಸಿ ಹುಡುಕುತ್ತಿದ್ದ. ದಡದಲ್ಲಿ ಜನ ಕೂಗುತ್ತಿದ್ದರು, ಅಲ್ನೋಡ್ಲಾ, ಗೂಟದ್ ಬುಡದಾಗೆ ನೋಡ್ಲಾ...

ಮರಿಯಯ್ಯ ಎದ್ದು ನಿಂತ. ನೀರು ಅವನ ಮಂಡಿಗಿತ್ತು.

"ಇಲ್ಲಿ ಗುಂಡೀನೇ ಇಲ್ವಲ್ಲಾ," ಅಂದ. ಯಾರಿಗೂ ಅಲ್ಲ, ನೀರಿಗೆ. "ಗುಂಡಿ ಎಲ್ಲೋಯ್ತು?"

ಶಶಿ ನನ್ನ ತೋಳು ಹಿಡಿದ. ಬಿಗಿಯಾಗಿ. ನಾನು ಬಾಯಿ ತೆರೆದೆ. ಹೇಳಿದ್ದು ಇಷ್ಟೇ: "ಗುಂಡಿ ಇನ್ನೂ ಮೇಲಕ್ಕಿದೆ, ಅಲ್ಲಿ ನೋಡಿ." ಗೂಟ ಕಿತ್ತದ್ದು ಯಾರೆಂದು ಹೇಳಲಿಲ್ಲ.