ಒಂದನೇ ನಂಬರಿನ ಕೌದಿ

ಫೆಬ್ರುವರಿ 2, ಸೋಮವಾರ

ಹದಿನೆಂಟು ರೊಟ್ಟಿ. ಕೊನೆಯ ನಾಲ್ಕು ಸೀದವು.

ಲಿಫ್ಟಿನಲ್ಲಿ ನಮ್ಮ ಬಿಲ್ಡಿಂಗಿನ ಮರಾಠಿ ರಾಧಾಬಾಯಿ ಗಂಟುಬಿದ್ದಳು. “ಶೈಲಶ್ರೀಚಂ ಲಗ್ನ ಕಧೀ?” ಸಿಕ್ಕಾಗಲೆಲ್ಲ ಇದೊಂದೇ, ಮದುವೆ ಯಾವಾಗ. ನನ್ನ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಫೈನಾನ್ಸ್ ಮಾಡುತ್ತಿದ್ದಾಳೆ, ಕೊನೆಯ ವರ್ಷ, ಮದುವೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದೆ. ಮೂರನೇ ಮಹಡಿ ಬರುವಷ್ಟರಲ್ಲಿ ಎರಡು ಸಲ ಹೇಳಿದೆ.

ಶೈಲಾಳಿಗೆ ಈಗ ಪ್ರಾಜೆಕ್ಟ್. ಮನೆಯ ಹೆಂಗಸರು ತಮ್ಮ ಸ್ವಂತ ರೊಕ್ಕವನ್ನು ಎಲ್ಲಿಡುತ್ತಾರೆ — ಅದೇ ವಿಷಯವಂತೆ. ಇದಕ್ಕೆ ಎರಡು ವರ್ಷ ಓದಬೇಕೇ? ನಮ್ಮ ಧನಕವಡಿಯ ಅಕ್ಕನ ಬಳಗದ ನಲವತ್ತು ಹೆಂಗಸರನ್ನು ಮನೆಮನೆಗೆ ಹೋಗಿ ಕೇಳುತ್ತಾಳೆ. ಬಳಗಕ್ಕೆ ಹಿರಿಯಳು ನಾನು. ಮಾತು ಮೀರುವವರು ಯಾರೂ ಇಲ್ಲ.

ಫೆಬ್ರುವರಿ 3, ಮಂಗಳವಾರ

ಬೆಳಗಿನಿಂದ ಫೋನು. ನಲವತ್ತು ಮಂದಿಗೂ ಹೇಳಿ ಮುಗಿಸಿದೆ. “ಹುಡುಗಿ ಫಾರಂ ತಗೊಂಡ್ ಬರ್ತಾಳ. ರೊಕ್ಕ ಎಲ್ಲಿಡ್ತೀರಿ ಅಂದ್ರ ಬ್ಯಾಂಕಿನ್ಯಾಗ ಅನ್ರಿ. ಜ್ವಾಳದ ಡಬ್ಬಿ ಹೆಸರು ತಗದೀರಿ ಅಂದ್ರ ನೋಡ್ರಿ ಮತ್ತ!”

ಸಾಬವ್ವನದು ಮಾತ್ರ ತಕರಾರು. “ಯಕ್ಕಾ, ನನಗ ಬ್ಯಾಂಕಿನ ಖಾತೇನ ಇಲ್ಲಲ್ಲ?”

“ಅಕಿ ಖಾತೆ ಕೇಳೂದಿಲ್ಲ, ಬಾಯಿ ಕೇಳ್ತಾಳ. ಬ್ಯಾಂಕ್ ಅಂದ್ರ ನಿನ್ನ ನಾಲಿಗಿಗೇನ್ ಬಡ್ಡಿ ಬೀಳ್ತದೇನ?”

ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಆದರೆ ಪರೀಕ್ಷೆ ಎಂದರೇನು ಗೊತ್ತು. ಇನ್ಸ್‌ಪೆಕ್ಟರ್ ಬರುವ ಹಿಂದಿನ ದಿನ ಮಾಸ್ತರರು ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು. ಮರುದಿನ ಇಡೀ ವರ್ಗ ಒಂದೇ ದನಿ. ಇನ್ಸ್‌ಪೆಕ್ಟರ್ ತಲೆದೂಗಿ, ಚಹಾ ಕುಡಿದು ಹೋಗುತ್ತಿದ್ದರು. ಎಲ್ಲರೂ ಪಾಸು.

ಫೆಬ್ರುವರಿ 15, ಶಿವರಾತ್ರಿ

ಉಪವಾಸ. ಹೊಟ್ಟೆ ಖಾಲಿ, ಎದೆ ತುಂಬಿದೆ. ನಲವತ್ತೂ ಫಾರಂ ಮುಗಿದವು.

ಮೊದಲನೆಯದು ನನ್ನದೇ. ಎದುರು ಕುರ್ಚಿ ಹಾಕಿಕೊಂಡು, ಪೆನ್ನು ಹಿಡಿದು, ರೀ ಹಚ್ಚಿ ಕೇಳಿದಳು: “ನಿಮ್ಮ ರೊಕ್ಕ ಎಲ್ಲಿಡ್ತೀರ್ರಿ?”

“ಬ್ಯಾಂಕಿನ್ಯಾಗ್ರಿ ಮೇಡಂ.”

ಬರೆದುಕೊಂಡಳು. ಬರೆಯುವಾಗ ಒಮ್ಮೆ ನನ್ನ ಮುಖ ನೋಡಿದಳು... ಇರಲಿ. ಏನು ಕೂತಿದ್ದಳು, ಏನು ಕೇಳಿದಳು! ನನ್ನ ವಂಶದಲ್ಲಿ ಹಾಗೆ ಪೆನ್ನು ಹಿಡಿದ ಹೆಣ್ಣು ಇವಳೊಬ್ಬಳೇ.

ಫೆಬ್ರುವರಿ 24, ಮಂಗಳವಾರ, ಸಂಜೆ

ಬಂದವಳೇ ಬ್ಯಾಗು ಎಸೆದು ಕೌದಿ ಹೊದ್ದು ಮಲಗಿದಳು. ಚಹಾ ಬೇಡ. ಗಿರ್ಮಿಟ್ಟೂ ಬೇಡ. ಮುಖ ತೋರಿಸದೆ, ಕೌದಿಯೊಳಗಿಂದಲೇ ಹೇಳಿದಳು.

“ಗೈಡ್ ಮೇಡಂ ಫಾರಂ ಎಲ್ಲಾ ವಾಪಸ್ ಕೊಟ್ರು, ಆಯಿ. ನಲವತ್ತು ಮಂದೀದೂ ಒಂದ ಉತ್ತರ. ಮನ್ಯಾಗ ಕುಂತು ನೀನ ತುಂಬೀದಿ ಅಂದ್ರು. ಸುಳ್ಳು ಬರದೀನಂತ ನಾ.”

ಮಾರ್ಚ್ ಇಪ್ಪತ್ತರೊಳಗೆ ಮತ್ತೆ ಕೇಳಿ ತರಬೇಕು. ಇಲ್ಲದಿದ್ದರೆ ಪ್ರಾಜೆಕ್ಟ್ ರದ್ದು, ಈ ವರ್ಷ ಡಿಗ್ರಿ ಇಲ್ಲ.

ನನ್ನ ಮಗ ಈರಣ್ಣ ಎದ್ದೇ ನಿಂತ. “ನನ್ನ ಮಗಳಿಗೆ ಸುಳ್ಳಿ ಅಂದ್ಲಾ? ನಾಳೆ ಹೋಗಿ ಕೇಳೇ ಬಿಡ್ತೀನಿ.”

ನಾನು ಮೆಂತೆ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ. ಕಡ್ಡಿ ಬುಟ್ಟಿಗೆ, ಎಲೆ ಕಸಕ್ಕೆ.

ಫೆಬ್ರುವರಿ 26, ಗುರುವಾರ

ಹೇಳಿಬಿಟ್ಟೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

“ಯಾಕ್ ಹಂಗ್ ಮಾಡಿದಿ, ಆಯಿ?”

“ನೀ ಪಾಸಾಗ್ಲಿ ಅಂತ. ಫೈನಾನ್ಸ್ ಕಲಿಯೋ ಹುಡುಗಿ ಮಂದಿ ಡಬ್ಬಿನಾಗ ರೊಕ್ಕ ಇಡ್ತಾರ ಅಂದ್ರ ನಿನಗ ಮರ್ಯಾದಿ ಏನು?”

“ಇದ್ರಾಗ ಸರಿ ಉತ್ತರ ಅಂತ ಇಲ್ಲ. ಖರೇ ಉತ್ತರ ಅಷ್ಟ.” ಫಾರಂಗಳನ್ನು ಬ್ಯಾಗಿಗೆ ತುರುಕಿದಳು. “ನಿಂದರ ಖರೇ ಏನು?”

ರೊಟ್ಟಿ ಸೀಯ್ತದ ಎಂದು ಎದ್ದು ಬಂದೆ. ಒಲೆ ಹಚ್ಚಿಯೇ ಇರಲಿಲ್ಲ.

ಮಾರ್ಚ್ 2, ಸೋಮವಾರ

ಬಳಗದ ದಿನ. ಕೌದಿ ಹೊತ್ತುಕೊಂಡೇ ಹೋದೆ. ವಚನ ಮುಗಿದ ಮೇಲೆ ಯಾರನ್ನೂ ಏಳಗೊಡಲಿಲ್ಲ. ನಾನು ಹೇಳಿಕೊಟ್ಟದ್ದು ಮರೆಯಿರಿ, ಖರೇ ಹೇಳಿರಿ ಎಂದೆ. ಒಬ್ಬಳೂ ತುಟಿ ಬಿಚ್ಚಲಿಲ್ಲ. ಅತ್ತೆಯ ಪಕ್ಕ ಸೊಸೆ ಕೂತಿದ್ದಾಳೆ, ಹೇಗೆ ಬಿಚ್ಚುತ್ತಾಳೆ? ಶೈಲಾ ಖಾಲಿ ಫಾರಂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪರೀಕ್ಷೆಗೆ ಬಿಡದೆ ಹೊರಗೆ ನಿಲ್ಲಿಸಿದ ಮಕ್ಕಳ ಹಾಗೆ.

ಕೌದಿ ಹರವಿದೆ. ಮೂಲೆಯ ಹೊಲಿಗೆ ಬಿಚ್ಚಿದೆ. ಹಳೇ ಐನೂರರ ನೋಟು, ಒಂದರ ಪಕ್ಕ ಒಂದು.

ಹೇಳಿದೆ. ಮೆಸ್ಸಿಗೆ ರೊಟ್ಟಿ ಬಡಿದು ಗಳಿಸಿದ್ದು. ಶೈಲಾಳ ಮದುವೆಯ ಬಂಗಾರಕ್ಕೆಂದು ಇಟ್ಟಿದ್ದೆ. ಈರಣ್ಣ ಅವಳ ಶಾಲೆಯ ಫೀಗೆ ಕೇಳಿದಾಗ ನನ್ನ ಹತ್ತಿರ ಏನೂ ಇಲ್ಲ ಎಂದಿದ್ದೆ, ಸಾಲ ತೆಗೆದ. ಮರುವರ್ಷ ನೋಟು ಬಂದ್ ಆದವು. ಊರೆಲ್ಲ ಬ್ಯಾಂಕಿನ ಮುಂದೆ ಪಾಳಿ ಹಚ್ಚಿತ್ತು. ನಾನು ಹೋಗಲಿಲ್ಲ. ಹೋದರೆ ಮಗನಿಗೆ ಗೊತ್ತಾಗುತ್ತಿತ್ತು. ನಾಳೆ, ನಾಳೆ ಎನ್ನುತ್ತ ಕೊನೆಯ ದಿನ ದಾಟಿತು. ಅಂದಿನಿಂದ ಇದು ಬರೀ ಕೌದಿ. ಒಂಬತ್ತು ವರ್ಷ ಮೊಮ್ಮಗಳಿಗೆ ಹೊದಿಸಿದ್ದೇನೆ.

ಸಾಬವ್ವ ನೋಟು ಮುಟ್ಟಿ ನೋಡಿದಳು.

“ನಿನ್ನ ಬಾಯಿ ದೊಡ್ಡದು ಅಂತ ಗೊತ್ತಿತ್ತು ಯಕ್ಕಾ. ಹೊಟ್ಟಿ ಇಷ್ಟು ಆಳ ಅಂತ ಗೊತ್ತಿರ್ಲಿಲ್ಲ.”

ನಕ್ಕರು. ಒಬ್ಬಳು ಕಣ್ಣೂ ಒರೆಸಿಕೊಂಡಳು.

“ನಂದು ಬರ್ಕೋ ಶೈಲಾ,” ಎಂದಳು ಸಾಬವ್ವ. “ಆದ್ರ ನಮ್ಮ ಮನೀಯವರ ಕಿವಿಗೆ ಬಿದ್ರ?”

“ಹೆಸರು ಹಾಕೂದಿಲ್ರಿ. ಬರೇ ನಂಬರ್.”

“ಹಂಗಾದ್ರ ಒಂದನೇ ನಂಬರ್ ನಂದು,” ಎಂದೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಮಾರ್ಚ್ 18, ಬುಧವಾರ

ನಾಳೆ ಯುಗಾದಿ. ಹೋಳಿಗೆಗೆ ಬೇಳೆ ಆರಿಸಿಟ್ಟೆ.

ಹದಿನೈದು ದಿನ ನಮ್ಮ ಅಡುಗೆಮನೆಯೇ ಆಫೀಸು. ಒಬ್ಬೊಬ್ಬರೇ ಒಳಗೆ, ಬಾಗಿಲು ಹಾಕಿ. ಹೊರಗೆ ಚಹಾ ಸೋಸುತ್ತ ಕಾವಲು ಕೂತವಳು ನಾನು. ನಲವತ್ತು ಉತ್ತರ, ಒಂದರ ಹಾಗೆ ಇನ್ನೊಂದಿಲ್ಲವಂತೆ. ಏನೇನು ಅಂದರು ಎಂದು ಕೇಳಿದೆ. “ಸೀಕ್ರೆಟ್, ಆಯಿ.” ನನಗೇ! ಸಿಟ್ಟು ಬಂತು. ಆಮೇಲೆ ಹಿಗ್ಗು ಬಂತು. ಇಷ್ಟು ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿ ನಿದ್ದೆ ಮಾಡುತ್ತಾಳಲ್ಲ, ಇವಳ ಕೈಯಲ್ಲಿ ಯಾರಾದರೂ ರೊಕ್ಕ ಇಡಬಹುದು.

ಈರಣ್ಣನಿಗೂ ನಾನೇ ಹೇಳಿದ್ದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸೂಜಿ ದಾರ ತಂದು ಕೌದಿಯ ಮೂಲೆ ತಾನೇ ಹೊಲಿದುಕೊಟ್ಟ. ದರಿದ್ರ ಹೊಲಿಗೆ. ಬಿಚ್ಚುವುದಿಲ್ಲ.

ಮೇ 8, ಶುಕ್ರವಾರ, ಬೆಳಿಗ್ಗೆ 8

ಇವತ್ತು ವೈವಾ. ಮೊಸರು ಸಕ್ಕರೆ ತಿನ್ನಿಸಿ ಕಳಿಸಿದೆ. “ಏನ್ ಕೇಳಿದ್ರೂ ಧೈರ್ಯದಿಂದ ಬ್ಯಾಂ—” ಎನ್ನಹೋಗಿ ಬಾಯಿ ಮುಚ್ಚಿಕೊಂಡೆ. ನಕ್ಕು ಹೋದಳು.

ಸಂಜೆ 6

ಪಾಸು! ವರ್ಗಕ್ಕೇ ಮೊದಲನೆಯವಳು!

ಹೊರಗಿನಿಂದ ಬಂದ ಪರೀಕ್ಷಕರು ಒಂದನೇ ನಂಬರಿನ ಹಾಳೆ ತಿರುವಿ ಕೇಳಿದರಂತೆ — ಈ ಹೆಂಗಸು ಹೇಳಿದ್ದು ನಿಜ ಎಂದು ಹೇಗೆ ನಂಬಿದಿರಿ? ಇಂಗ್ಲಿಷಿನಲ್ಲಿ ಏನು ಹೇಳಿದಳೋ, ನನಗೆ ನಮ್ಮ ಮಾತಿನಲ್ಲಿ ಹೇಳಿದಳು:

“ಒಂಬತ್ತು ವರ್ಷ ಅದನ್ನ ಹೊದ್ದು ಮಲಗೀನ್ರಿ, ಅಂದೆ.”

ಅವರು ಹಾಳೆ ಮುಚ್ಚಿದರಂತೆ. ಗೈಡ್ ಮೇಡಂ ಎದ್ದು ಬಂದು ಕೈ ಕುಲುಕಿದರಂತೆ.

ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನಲ್ಲಿ ಮೂರು ಸಲ ಮೇಲೆ ಕೆಳಗೆ ಓಡಾಡಿದೆ. ರಾಧಾಬಾಯಿಯ ಸುಳಿವಿಲ್ಲ. ಬೇಡವಾದಾಗ ಹಾಜರು... ಈಗ ಯಾರೋ ಬಾಗಿಲು ಬಡಿಯುತ್ತಿದ್ದಾರೆ. ದನಿ ಅವಳದೇ. ಕೇಳಲಿ, ಲಗ್ನ ಕಧೀ ಎಂದು ಇವತ್ತು ಕೇಳಲಿ, ಒಳಗೆ ಕರೆದು ಕೂರಿಸಿ, ಕೌದಿ ಹಾಸಿ, ಮೊದಲಿನಿಂದ—