ಸುಘೋಷನ ವಯಸ್ಸು

ಮಲ್ಲತ್ತಹಳ್ಳಿ,
18 ಜುಲೈ 2025

ಪ್ರೀತಿಯ ರಾಗಿಣಿ,

ಹೇಗಿದ್ದೀಯ? ಧಾರವಾಡದಲ್ಲಿ ಮೊಮ್ಮಗಳ ನಾಮಕರಣ ಚೆನ್ನಾಗಿ ಆಯಿತೇ? ನಿನ್ನ ಕಾಗದ ಬಂದು ಬಹಳ ದಿನವಾಯಿತು, ಬೈದುಕೊಳ್ಳಬೇಡ ಕಣೇ. ಬರೆಯಲು ಕೂತರೆ ಬರೀ ಸಿಟ್ಟೇ ಬರುತ್ತಿತ್ತು. ಈಗಲೂ ಇಳಿದಿಲ್ಲ.

ನೀನು ಅಷ್ಟು ವರ್ಷ ಪಾಠ ಮಾಡಿದ ಶಾಲೆಗೆ ಬೀಗ ಬಿದ್ದಿದೆ. ಸರ್ಕಾರ ಅನುದಾನ ನಿಲ್ಲಿಸಿತು. ಬೋರ್ಡಿನ ಮೇಲೆ 'ವಿಶೇಷ ಮಕ್ಕಳ ಶಾಲೆ' ಎಂದಿದೆಯಲ್ಲ, ಅದೇ ಮುಳುವಾಯಿತು. ತಪಾಸಣೆಗೆ ಬಂದ ಅಧಿಕಾರಿ ಸುತ್ತ ನೋಡಿ, "ಮಕ್ಕಳೆಲ್ಲಿ ಮೇಡಂ?" ಎಂದರು. ಅವತ್ತು ಅಮ್ಮಂದಿರೆಲ್ಲ ಅಲ್ಲೇ ಇದ್ದೆವು. "ಇವ್ರೇ ಸಾರ್" ಎಂದೆ. ಗಡ್ಡ ನರೆತವರು, ತಲೆ ಬೋಳಾದವರು ಕೂತು ಲಕೋಟೆ ಅಂಟಿಸುತ್ತಿದ್ದರು. ನಮ್ಮ ಬಾಯಿಗೆ ಮಕ್ಕಳು ಅನ್ನುವುದು ಬಿಟ್ಟು ಬೇರೆ ಪದ ಯಾವತ್ತು ಬಂದಿತ್ತು ಹೇಳು?

ಆ ಅಧಿಕಾರಿ ನನ್ನ ಮಗನ ಬೆನ್ನು ತಟ್ಟಿ, "ನಿನ್ ವಯಸ್ಸೆಷ್ಟಪ್ಪಾ?" ಎಂದು ಕೇಳಿದರು. ಅವನು ಎದ್ದು ನಿಂತು, ನೀನು ಹೇಳಿಕೊಟ್ಟ ಹಾಗೇ ಕೈಕಟ್ಟಿ, "ನನ್ನ ಹೆಸರು ಸುಘೋಷ್. ನನ್ನ ವಯಸ್ಸು ನಲವತ್ತೊಂದು" ಎಂದ. ಒಂದಕ್ಷರ ತಡವರಿಸಲಿಲ್ಲ! ಪ್ರತಿ ಹುಟ್ಟುಹಬ್ಬಕ್ಕೂ ಹಳೆಯ ಅಂಕಿ ಬಿಡಿಸಿ ಹೊಸದನ್ನು ಬಾಯಿಪಾಠ ಮಾಡಿಸಲು ನೀನು ಪಟ್ಟ ಪಾಡೇನು! ನಾನು ಖುಷಿಗೆ ಚಪ್ಪಾಳೆ ತಟ್ಟಿಬಿಟ್ಟೆ.

"ಹದಿನೆಂಟು ದಾಟಿದವ್ರಿಗೆ ಈ ವರ್ಷದಿಂದ ಅನುದಾನ ಇಲ್ಲ ಮೇಡಂ, ರೂಲ್ಸ್ ಚೇಂಜ್ ಆಗಿದೆ. ಇವ್ರೇ ನಲವತ್ತೊಂದು ಅಂತಿದ್ದಾರಲ್ಲ" ಎಂದರು.

"ಹದಿನೆಂಟಾದ ತಕ್ಷಣ ಇವ್ರಿಗೆಲ್ಲ ವಾಸಿಯಾಗ್ಬಿಡತ್ತಾ ಸಾರ್?" ಎಂದು ಕೇಳಿದೆ. ಆತ ಫೋನು ನೋಡಿಕೊಂಡರು.

ನಮ್ಮ ಯಜಮಾನರು ಕಚೇರಿಗೆ ಅಲೆದಲೆದು ಸೋತರು. ದೊಡ್ಡವರಿಗೆ ಬೇರೆ ಯೋಜನೆ ಬರುತ್ತದಂತೆ. ಯಾವಾಗ ಎಂದರೆ, "ಬಂದಾಗ ಹೇಳ್ತೀವಿ ಹೋಗಿ" ಅನ್ನುತ್ತಾರೆ. ಇತ್ತ ಸುಘೋಷ ದಿನವೂ ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ವ್ಯಾನಿಗೆ ಕಾಯುತ್ತಾನೆ. ಒಳಗೆ ಕರೆತರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತದೆ. ನಮಗೂ ವಯಸ್ಸಾಯಿತು ರಾಗಿಣಿ. ಆ ಶಾಲೆಯೊಂದು ಇದ್ದಿದ್ದರೆ ನಾಳೆ ನಾವಿಲ್ಲದಾಗ ಅವನನ್ನು ಗುರುತು ಹಿಡಿಯುವವರಾದರೂ ಇರುತ್ತಿದ್ದರು.

ಹೋಗಲಿ ಬಿಡು. ಮಗುವಿಗೆ ದೃಷ್ಟಿ ತೆಗೆ. ಅದು ನೂರು ಕಾಲ ಸುಖವಾಗಿರಲಿ.

ಇಂತಿ ನಿನ್ನ
ಸೀತಾ

ತಾ.ಕ.: "ನಾನು ತಪ್ಪು ಹೇಳಿದ್ನಾ ಅಮ್ಮಾ?" ಎಂದು ಅವತ್ತಿನಿಂದ ಕೇಳುತ್ತಲೇ ಇದ್ದಾನೆ. ಇಲ್ಲ ಕಂದಾ ಎಂದರೆ ನಂಬುವುದಿಲ್ಲ. ನಿನ್ನೆ ನಮ್ಮ ಬೀದಿಗೆ ಹೊಸದಾಗಿ ಬರುವ ಸೊಪ್ಪಿನ ಮುತ್ತವ್ವ, "ನಿಮ್ಮ ಮಗಗ ಎಷ್ಟ್ ವಯಸ್ಸರೀ ಅಮ್ಮಾರ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸುಘೋಷ ಕೈಕಟ್ಟಿ ನಿಂತು, "ಹತ್ತು" ಎಂದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ: "ಈಗ ವ್ಯಾನ್ ಬರತ್ತಾ ಅಮ್ಮಾ?"