ಫಿಪ್ಸ್ ಮೊಕದ್ದಮೆಯಲ್ಲಿ ದೋಣಿ ಎಲ್ಲಿಂದ ಬಂತು?

ನಮ್ಮ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ,

ಮಾನ್ಯರೇ, ಬರುವ ತಿಂಗಳ ಇಪ್ಪತ್ತೊಂದರಂದು ಸಂಜೆ ಆರಕ್ಕೆ ಕ್ಲೀವನ್ ಫಿಪ್ಸ್ ಎಂಬ ಮನುಷ್ಯನನ್ನು ಮರಣದಂಡನೆಯೆಂದು ವಿಷದ ಸೂಜಿ ಚುಚ್ಚಿ ಕೊಲ್ಲುತ್ತಾರೆ. ಅವನ ವಿರುದ್ಧ ಹೇಳಿದ್ದ ಏಕೈಕ ಸಾಕ್ಷಿ ತಾನು ಸುಳ್ಳಾಡಿದೆನೆಂದು ಆಮೇಲೆ ಒಪ್ಪಿಕೊಂಡಿದ್ದಾನೆ. ಆದರೂ ಮರುವಿಚಾರಣೆಯ ಕೋರಿಕೆಯನ್ನು ನಿಮ್ಮ ನ್ಯಾಯಾಲಯದ ಮೂವರ ಪೀಠ ತಳ್ಳಿಹಾಕಿತು. ಮೂವರಲ್ಲಿ ಒಬ್ಬರು ಅವನ ಪರ, ಇಬ್ಬರು ವಿರುದ್ಧ. ಆ ಇಬ್ಬರಲ್ಲಿ ಒಬ್ಬರಾದ ನ್ಯಾಯಮೂರ್ತಿ ಆಲ್ಡೆನ್ ವೆಸ್ಟರ್‌ಲಂಡ್ ಅವರಿಗೆ ತಾವು ಯಾರ ಮೊಕದ್ದಮೆ ಕೇಳುತ್ತಿದ್ದೇವೆಂಬುದೇ ಗೊತ್ತಿರಲಿಲ್ಲ. ಇದು ನನಗೆ ಗೊತ್ತು, ನಿಮಗೂ ಗೊತ್ತು.

ಅವರನ್ನು ಹೀಗಳೆಯಲು ನಾನು ಬರೆಯುತ್ತಿಲ್ಲ. ಮೂವತ್ತೊಂದು ವರ್ಷ ಅವರು ಬರುವಾಗ "ಎಲ್ಲರೂ ಎದ್ದು ನಿಲ್ಲಿ" ಎಂದು ಕೂಗಿದವನು ನಾನು. ರೈಲಿನಲ್ಲಿ ಬ್ರೇಕು ಹಾಕುತ್ತಿದ್ದವನ ಮಗ ನಲವತ್ತೊಂದನೇ ವಯಸ್ಸಿಗೆ ಆ ಪೀಠಕ್ಕೆ ಬಂದವರು. ಕೈದಿಯೊಬ್ಬ ಪೆನ್ಸಿಲಿನಲ್ಲಿ ಗೀಚಿ ಕಳಿಸಿದ ಅರ್ಜಿಯನ್ನು ಊಟ ಬಿಟ್ಟು ಓದುತ್ತಿದ್ದರು. ಉಳಿದಿಬ್ಬರು ಒಪ್ಪದಿದ್ದಾಗ ಒಬ್ಬರೇ ಭಿನ್ನಮತ ಬರೆದು, "ಎಮ್ಮೆಟ್, ಇವತ್ತು ಸೋತೆ. ಆದ್ರೆ ನಿದ್ದೆ ಚೆನ್ನಾಗಿ ಬರುತ್ತೆ ನೋಡು" ಎಂದು ನಗುತ್ತಿದ್ದರು. ನಾನು ಅವರನ್ನು ಪ್ರೀತಿಸಿದೆ. ತಪ್ಪಾದದ್ದು ಅಲ್ಲೇ.

ಈಗ ಅವರಿಗೆ ಎಂಬತ್ತೇಳು. ನದಿಯ ಮೇಲಿನ ಸೇತುವೆ ಎತ್ತಿ ಇಳಿಸುವವನಿಗೆ ಪ್ರತಿವರ್ಷ ಕಣ್ಣಿನ ಪರೀಕ್ಷೆ ಇದೆ. ಶಾಲಾ ಬಸ್ಸಿನ ಚಾಲಕನಿಗೆ ಎಪ್ಪತ್ತಾದರೆ ಮನೆಯವರೇ ಕೀಲಿ ಕಸಿದುಕೊಳ್ಳುತ್ತಾರೆ. ಮನುಷ್ಯ ಬದುಕಬೇಕೋ ಸಾಯಬೇಕೋ ಎಂದು ತೀರ್ಮಾನಿಸುವವರಿಗೆ ಮಾತ್ರ ಸಾಯುವ ತನಕ ನೌಕರಿ. ಆನೆ ನಡೆದದ್ದೇ ದಾರಿ ಅಲ್ಲವೇ? ಆನೆಗೆ ದಾರಿ ಮರೆತುಹೋದರೆ ಯಾರನ್ನು ಕೇಳಬೇಕು?

ನಾಲ್ಕು ವರ್ಷದಿಂದ ಅವರು ಮರೆಯುತ್ತಿದ್ದರು. ನಾನು ದಿನಾ ಬೆಳಗ್ಗೆ ಅವರ ಮುಂದೆ ಒಂದು ಚೀಟಿ ಇಡುತ್ತಿದ್ದೆ: ಇವತ್ತು ಯಾರ ಮೊಕದ್ದಮೆ, ಏನು ತಕರಾರು. ಯಾರೂ ಬೇಡ ಎನ್ನಲಿಲ್ಲ. ಫೆಬ್ರವರಿಯ ಒಂದು ಶುಕ್ರವಾರ ನಾನು ನಿವೃತ್ತನಾದೆ. ಕೇಕು ಕತ್ತರಿಸಿದಿರಿ, ನೀವೇ ಭಾಷಣ ಮಾಡಿದಿರಿ. ಆ ಗಲಾಟೆಯಲ್ಲಿ ಅಂದಿನ ಚೀಟಿ ಅವರ ಮೇಜಿನ ಮೇಲೇ ಉಳಿಯಿತು.

ಸೋಮವಾರ ಅಭ್ಯಾಸ ಬಿಡದೆ ಬಂದು ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಚರ್ಚಿಗೆ ಹೋಗುವ ಟೊಪ್ಪಿ ಹಾಕಿಕೊಂಡು ಕ್ಲೀವನ್‌ನ ತಾಯಿ ಓರಾ ಫಿಪ್ಸ್ ಕೂತಿದ್ದರು. ವೆಸ್ಟರ್‌ಲಂಡ್ ಮುಂದಕ್ಕೆ ಬಾಗಿ ಫಿಪ್ಸ್‌ನ ವಕೀಲೆಯನ್ನು ಕೇಳಿದರು: "ಅಲ್ಲಮ್ಮ, ಆ ಸರಕಿನ ದೋಣೀನ ಕಟ್ಟೆಗೆ ಕಟ್ಟಿದ್ರೋ, ಬಿಟ್ಟಿದ್ರೋ?"

ಅದು ಶುಕ್ರವಾರದ ಮೊಕದ್ದಮೆ, ಮೇಜಿನ ಮೇಲೆ ಉಳಿದ ಚೀಟಿಯಲ್ಲಿದ್ದದ್ದು. ವಕೀಲೆ ಕಡತದ ಹಾಳೆಗಳನ್ನು ತಿರುವಿದರು. ಕೊನೆಗೆ, "ದಾಖಲೆಯಲ್ಲಿ ಅದು ಸ್ಪಷ್ಟ ಇಲ್ಲ, ಮಹಾಸ್ವಾಮಿ" ಎಂದರು. ಸರ್ಕಾರದ ವಕೀಲರೂ ಎದ್ದು, "ಮಹಾಸ್ವಾಮಿಗಳು ಸರಿಯಾಗೇ ಗುರುತಿಸಿದ್ದೀರಿ" ಎಂದರು! ಉಳಿದಿಬ್ಬರು ನ್ಯಾಯಮೂರ್ತಿಗಳು ತಲೆ ತಗ್ಗಿಸಿ ಕಾಗದ ನೋಡಿದರು.

ಓರಾ ನನ್ನ ತೋಳು ಮುಟ್ಟಿದರು. "ಯಜಮಾನ್ರೇ, ನನ್ ಮಗನ ಕೇಸಲ್ಲಿ ದೋಣಿ ಎಲ್ಲಿಂದ ಬಂತು?"

"ಉದಾಹರಣೆಗೆ ಕೇಳ್ತಾರೆ ತಾಯಿ," ಎಂದೆ. "ದೊಡ್ಡೋರು ಸುತ್ತಿ ಬಳಸಿನೇ ಕೇಳೋದು."

ಆಕೆ ನಂಬಿದರು. ನನ್ನ ಬಾಯಿಗೆ ಹುಳ ಬೀಳಲಿ.

ಹನ್ನೊಂದು ಪುಟದ ತೀರ್ಪಿನಲ್ಲಿ ದೋಣಿಯ ಸುಳಿವೇ ಇಲ್ಲ. ಅವರ ಕಚೇರಿಯ ಕಾನೂನು ಸಹಾಯಕರು ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಅದನ್ನು ಹಿಡಿದುಕೊಂಡು ನಾನು ನಿಮ್ಮ ಕೋಣೆಗೆ ಬಂದೆ. "ಎಲ್ರಿಗೂ ನಾಲಿಗೆ ತಪ್ಪುತ್ತೆ ಎಮ್ಮೆಟ್. ವಸಂತದಲ್ಲಿ ಅವರ ಭಾವಚಿತ್ರದ ಅನಾವರಣ ಇದೆ, ಗೌರವವಾಗಿ ಮುಗೀಲಿ ಬಿಡಿ. ನೀವು ಹೋಗಿ ಮೀನು ಹಿಡೀರಿ" ಎಂದಿರಿ. ಒಬ್ಬರ ಗೌರವಕ್ಕೆ ಇನ್ನೊಬ್ಬನ ಪ್ರಾಣ ಅಡವಿಡಬಹುದೆಂದು ಯಾವ ಕಾನೂನು ಹೇಳುತ್ತದೆ? ಆ ಸೋಮವಾರದ ಧ್ವನಿಮುದ್ರಣ ನಿಮ್ಮಲ್ಲೇ ಇದೆ. ಇಪ್ಪತ್ಮೂರನೇ ನಿಮಿಷ ಕೇಳಿ.

ಅದೂ ಬೇಡವಾದರೆ ಇದನ್ನು ಕೇಳಿ. ಮೊನ್ನೆ ಮಂಗಳವಾರ ಬೆಳಗಿನ ತಿಂಡಿಯ ಹೊತ್ತಿಗೆ ವೆಸ್ಟರ್‌ಲಂಡ್ ನನ್ನ ಮನೆಗೆ ಫೋನು ಮಾಡಿದರು. ಕೆಲಸಕ್ಕೇಕೆ ಬಂದಿಲ್ಲ ಎಂದು ಗದರಿದರು. ಇವತ್ತು ರಜೆ ಎಂದೆ. ಆಮೇಲೆ ಹಳೆಯ ಸಂತೋಷದ ದನಿಯಲ್ಲಿ ಹೇಳಿದರು: "ಆ ಫಿಪ್ಸ್ ಹುಡುಗನಿಗೆ ಮರುವಿಚಾರಣೆ ಕೊಟ್ವಲ್ಲ, ಒಳ್ಳೇದಾಯ್ತು ಎಮ್ಮೆಟ್. ಅವನ ತಾಯಿ ಏನಂದ್ಲು?"

ನನ್ನ ಬೇಡಿಕೆ ಒಂದೇ. ಇಪ್ಪತ್ತೊಂದರೊಳಗೆ, ಸಹಾಯಕರನ್ನು ಹೊರಗೆ ಕೂರಿಸಿ, ಅವರೆದುರು ಕುಳಿತು ಕೇಳಿ: ಫಿಪ್ಸ್ ಮೊಕದ್ದಮೆಯಲ್ಲಿ ತಾವು ಏನು ತೀರ್ಮಾನ ಕೊಟ್ಟಿರಿ? ಅವರು ಹೇಳಿದ್ದನ್ನು ಬರೆದುಕೊಂಡು ಅದರಂತೆ ನಡೆಯಿರಿ. ನೀವು ಕೇಳದಿದ್ದರೆ ಇಪ್ಪತ್ತೆರಡರ ಬೆಳಗ್ಗೆ ಅವರು ನಿಮ್ಮನ್ನೇ ಕೇಳಬಹುದು, ಫಿಪ್ಸ್ ಹೇಗಿದ್ದಾನೆ ಎಂದು. ಏನು ಹೇಳುತ್ತೀರಿ, ಸ್ವಾಮಿ?

ಇಂತಿ,
ಒಬ್ಬ ತಾಯಿಗೆ ಸುಳ್ಳು ಹೇಳಿ ನಿದ್ದೆ ಕಳೆದುಕೊಂಡಿರುವ
ಎಮ್ಮೆಟ್ ಗ್ರೇಬಿಲ್, ನಿವೃತ್ತ ಕೋರ್ಟ್ ನೌಕರ